ಫಾರ್ವರ್ಡ್ ಒತ್ತುವ ಮೊದಲು: ಸುಳ್ಳು ಸುದ್ದಿ ಬರುವ ದಾರಿ, ಅದನ್ನು ತಡೆಯುವ ಬಗೆ

2018ರ ಜುಲೈ 13. ಹೈದರಾಬಾದಿನ ಕೆಲವು ಗೆಳೆಯರು ಬೀದರ್ ಜಿಲ್ಲೆಯ ಔರಾದ್ ಕಡೆ ಬಂದಿದ್ದರು. ಅವರಲ್ಲೊಬ್ಬರು ಕತಾರಿನಿಂದ ಬಂದವರು. ದಾರಿಯಲ್ಲಿ ಕಾರು ನಿಲ್ಲಿಸಿದಾಗ ಅವರು ಅಲ್ಲಿದ್ದ ಶಾಲೆ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ನೋಡಿದ ಕೆಲವರಿಗೆ ಇವರು ಮಕ್ಕಳ ಕಳ್ಳರು ಅನ್ನಿಸಿತು. ಮಾತಿಗೆ ಮಾತು ಬೆಳೆಯಿತು. ಗೆಳೆಯರು ಕಾರು ಹತ್ತಿ ಹೊರಟರು. ಅಷ್ಟರಲ್ಲಿ ಸುದ್ದಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗಿಯಾಗಿತ್ತು. ಮುಂದಿನ ಮುರ್ಕಿ ಗ್ರಾಮದಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಕಾರು ಉರುಳಿಬಿತ್ತು. ಗುಂಪು ಮೇಲೆ ಬಿತ್ತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದವು. 32 ವರ್ಷದ ಒಬ್ಬ ಎಂಜಿನಿಯರ್ ಅಲ್ಲೇ ಜೀವ ಬಿಟ್ಟರು.

ಕಾರು ಬರುವ ಮೊದಲೇ ಮೆಸೇಜ್ ಬಂದು ಕೂತಿತ್ತು. ಈ ಘಟನೆ ನೆನಪಾದಾಗಲೆಲ್ಲ ನನ್ನನ್ನು ಕಾಡುವುದು ಅದೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವಿಡಿಯೊ ನಮ್ಮ ಮನೆಯವರ ಗ್ರೂಪಿಗೂ ಬಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ. ಕಳಿಸಿದ್ದು ನನ್ನ ಚಿಕ್ಕಮ್ಮ. ನನ್ನ ಮಗಳು ಆಗ ಯುಕೆಜಿಗೆ ಸೇರುವವಳಿದ್ದಳು. ನೋಡಿ ನನ್ನ ಕೈ ನಡುಗಿತ್ತು. ಒಂದು ನಿಮಿಷವೂ ಯೋಚಿಸದೆ ಅದನ್ನು ಶಾಲೆಯ ಪೋಷಕರ ಗ್ರೂಪಿಗೆ ಕಳಿಸಿದೆ. ನನ್ನಂತೆ ಸಾವಿರಾರು ತಂದೆತಾಯಂದಿರು ಕಳಿಸಿದ್ದರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದು ಕೊಂದರು.

ನಾನು ಸುಳ್ಳು ಹೇಳಬೇಕೆಂದು ಕಳಿಸಿರಲಿಲ್ಲ. ಚಿಕ್ಕಮ್ಮನೂ ಅಷ್ಟೇ. ನಮ್ಮ ಮಕ್ಕಳಿಗೆ ಏನೂ ಆಗದಿರಲಿ ಅಂತ ಕಳಿಸಿದೆವು. ಸುಳ್ಳು ಸುದ್ದಿ ಹೆಚ್ಚಾಗಿ ಓಡಾಡುವುದು ಈ ಕಾಳಜಿಯ ಬೆನ್ನೇರಿಯೇ. ಅದಕ್ಕೇ ಈ ಲೇಖನವನ್ನು ನಾನು ಸುಳ್ಳು ಸೃಷ್ಟಿಸುವವರಿಗಾಗಿ ಬರೆಯುತ್ತಿಲ್ಲ. ಒಳ್ಳೆಯ ಮನಸ್ಸಿನಿಂದ ಫಾರ್ವರ್ಡ್ ಮಾಡುವವರಿಗಾಗಿ ಬರೆಯುತ್ತಿದ್ದೇನೆ.

ಆ ವಿಡಿಯೊ ಎಲ್ಲಿಂದ ಬಂತು

ಮೊದಲು ಸುಳ್ಳು ಹೇಗೆ ತಯಾರಾಗುತ್ತದೆ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಪರೀಕ್ಷೆ ಮಾಡುವಾಗ ಏನನ್ನು ಹುಡುಕಬೇಕು ಅನ್ನುವುದೇ ತಿಳಿಯುವುದಿಲ್ಲ.

ಆ ವಿಡಿಯೊದಲ್ಲಿ ಇದ್ದದ್ದು ಕರಾಚಿ. ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡುವ ರೋಶ್ನಿ ಹೆಲ್ಪ್‌ಲೈನ್ ಎಂಬ ಅಲ್ಲಿನ ಸಂಸ್ಥೆ ಜಾಗೃತಿಗಾಗಿ ಮಾಡಿಸಿದ್ದ ಚಿತ್ರ ಅದು. ಪೂರ್ತಿ ನೋಡಿದರೆ ಬೈಕಿನವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಕೈಯಲ್ಲೊಂದು ಫಲಕ ಹಿಡಿದು, ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂದು ಪೋಷಕರನ್ನು ಎಚ್ಚರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದ ತುಂಡು ನಮ್ಮಲ್ಲಿಗೆ ಬಂತು. ಕನ್ನಡ, ತಮಿಳು, ತೆಲುಗು, ಹಿಂದಿ, ಹೀಗೆ ಆಯಾ ಊರಿನ ಭಾಷೆಯಲ್ಲಿ ಅದಕ್ಕೆ ಬರಹವೋ ಧ್ವನಿಯೋ ಸೇರಿಕೊಂಡಿತು. ಮಕ್ಕಳನ್ನು ಉಳಿಸಲು ಮಾಡಿದ ಚಿತ್ರವೇ ಅಮಾಯಕರ ಜೀವಕ್ಕೆ ಎರವಾಯಿತು.

ಗಮನಿಸಿ, ಇಲ್ಲಿ ಯಾರೂ ಹೊಸದಾಗಿ ಏನನ್ನೂ ಚಿತ್ರಿಸಲಿಲ್ಲ. ಬಹುತೇಕ ಸುಳ್ಳು ಸುದ್ದಿಗಳು ಹೀಗೇ ಇರುತ್ತವೆ. ನಿಜವಾದ ಫೋಟೋ, ತಪ್ಪು ಊರು. ನಿಜವಾದ ವಿಡಿಯೊ, ಹಳೆಯ ದಿನಾಂಕ. ಅದೇ 2018ರಲ್ಲಿ, ಅಂಗಾಂಗ ಕದ್ದು ಕೊಂದ ಮಕ್ಕಳು ಎಂದು ಸಾಲಾಗಿ ಮಲಗಿಸಿದ ಹೆಣಗಳ ಫೋಟೋ ಹರಿದಾಡಿತು. ಅದು ಸಿರಿಯಾದ ಘೌಟಾದಲ್ಲಿ 2013ರಲ್ಲಿ ವಿಷಾನಿಲದ ದಾಳಿಗೆ ಬಲಿಯಾದ ಮಕ್ಕಳದು. 2013ರ ಮುಝಫ್ಫರ್‌ನಗರ ಗಲಭೆಯ ಹೊತ್ತಿನಲ್ಲಿ, ಇಬ್ಬರು ಯುವಕರನ್ನು ಗುಂಪು ಹೊಡೆದು ಕೊಲ್ಲುವ ವಿಡಿಯೊ ಒಂದು ಅಲ್ಲಿನದೇ ಎಂದು ಹಬ್ಬಿತು. ಅದು 2010ರಲ್ಲಿ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ನಡೆದದ್ದು.

ಮಾಡುವವರು ಯಾಕೆ ಮಾಡುತ್ತಾರೆ? ಕೆಲವರಿಗೆ ರಾಜಕೀಯ ಲಾಭ, ಕೆಲವರಿಗೆ ಒಂದು ಸಮುದಾಯದ ಮೇಲೆ ದ್ವೇಷ. ಬರೀ ದುಡ್ಡಿಗಾಗಿ ಮಾಡುವವರೂ ಇದ್ದಾರೆ. 2016ರ ಅಮೆರಿಕದ ಚುನಾವಣೆ ಹೊತ್ತಿನಲ್ಲಿ ಈಗಿನ ಉತ್ತರ ಮ್ಯಾಸಿಡೋನಿಯಾದ ವೆಲೆಸ್ ಎಂಬ ಪುಟ್ಟ ಪಟ್ಟಣದ ಹುಡುಗರು ನೂರಕ್ಕೂ ಹೆಚ್ಚು ವೆಬ್‌ಸೈಟ್ ಮಾಡಿ ಅಮೆರಿಕದ ಬಗ್ಗೆ ಸುದ್ದಿ ಹರಿಬಿಟ್ಟರು. ಅದರಲ್ಲಿ ಸುಳ್ಳು ಬೇಕಾದಷ್ಟಿತ್ತು. ಜನ ಕ್ಲಿಕ್ ಮಾಡಿದಷ್ಟೂ ಅವರಿಗೆ ಜಾಹೀರಾತಿನ ಹಣ ಬರುತ್ತಿತ್ತು. ಯಾರು ಗೆದ್ದರೂ ಸೋತರೂ ಅವರಿಗೆ ಅಷ್ಟೇ.

ಅಷ್ಟು ಬೇಗ ಯಾಕೆ ಹರಡುತ್ತದೆ

ಗಾಳಿಸುದ್ದಿ ನಮಗೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಅದನ್ನು ಓದಿ ವಾಪಸ್ ಹೋಗುತ್ತದೆ ಅನ್ನುವ ನಂಬಿಕೆ. ಗಣಪತಿ ಹಾಲು ಕುಡಿಯುತ್ತಾನೆ ಅನ್ನುವ ಸುದ್ದಿ 1995ರ ಸೆಪ್ಟೆಂಬರ್ 21ರಂದು ಒಂದೇ ದಿನದಲ್ಲಿ ದೇಶವೆಲ್ಲ ಸುತ್ತಿತು. ಆಗ ಹೆಚ್ಚಾಗಿ ಇದ್ದದ್ದು ಲ್ಯಾಂಡ್‌ಲೈನ್ ಮತ್ತು ಬಾಯಿಮಾತು.

2012ರ ಆಗಸ್ಟಿನದು ಮಾತ್ರ ಬೇರೆ ಥರದ್ದು. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಎಂದು ಬೆಂಗಳೂರಿನಲ್ಲಿ ಎಸ್‌ಎಂಎಸ್ ಹರಿದಾಡಿದವು. ಜೊತೆಗೆ ಇಂಟರ್ನೆಟ್‌ನಲ್ಲಿ ಭಯಾನಕ ಫೋಟೋಗಳು. ಅವುಗಳಲ್ಲಿ ಹಲವು ಎಲ್ಲೋ ಚಂಡಮಾರುತ, ಭೂಕಂಪಗಳಲ್ಲಿ ಸತ್ತವರವು. ಕೆಲವೇ ದಿನಗಳಲ್ಲಿ ಸಾವಿರಾರು ಯುವಕ ಯುವತಿಯರು ಕೆಲಸ, ಓದು ಬಿಟ್ಟು ರೈಲ್ವೆ ಸ್ಟೇಷನ್ನಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗಿನ ಗೃಹ ಸಚಿವ ಆರ್. ಅಶೋಕ ಅವರೇ ಸ್ಟೇಷನ್ನಿಗೆ ಹೋಗಿ 'ಹೋಗಬೇಡಿ' ಎಂದು ಕೇಳಿಕೊಂಡರು. ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿ, ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಜನಕ್ಕೆ ಕಳಿಸದಂತೆ ಮಿತಿ ಹಾಕಿತು.

ಆರು ವರ್ಷದ ನಂತರ ಅದೇ ಐದರ ಮಿತಿ ವಾಟ್ಸ್‌ಆ್ಯಪಿಗೂ ಬಂತು. 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂದು ಕಂಪನಿ ಹೇಳಿತು. ಸ್ವಲ್ಪ ಲೆಕ್ಕ ಹಾಕಿ. ಆಗ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು. ಐದು ತುಂಬಿದ ಗ್ರೂಪಿಗೆ ಕಳಿಸಿದರೆ 1,280 ಜನ. ಅವರಲ್ಲಿ ಐದೇ ಜನ ಹಾಗೆಯೇ ಮುಂದೆ ಕಳಿಸಿದರೂ ಇನ್ನೂ ಆರು ಸಾವಿರ ಫೋನು. ಮಿತಿ ಹಾಕಿದ ಮೇಲಿನ ಲೆಕ್ಕ ಇದು! 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಎಂದು ಇಳಿಸಿದರು. ಅಂಥ ಮೆಸೇಜುಗಳ ಓಡಾಟ ಶೇ 70ರಷ್ಟು ಕಡಿಮೆಯಾಯಿತು ಎಂದು ಕಂಪನಿಯೇ ಹೇಳಿತು. ಬೆರಳಿಗೆ ಒಂಚೂರು ಕೆಲಸ ಜಾಸ್ತಿ ಕೊಟ್ಟಿದ್ದಕ್ಕೇ ಇಷ್ಟು ವ್ಯತ್ಯಾಸ.

ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅವರು ನೋಡಿದರು. ನಿಜಕ್ಕಿಂತ ಸುಳ್ಳು ರೀಟ್ವೀಟ್ ಆಗುವ ಸಾಧ್ಯತೆ ಶೇ 70ರಷ್ಟು ಜಾಸ್ತಿ. 1,500 ಜನರನ್ನು ತಲುಪಲು ನಿಜ ಸುದ್ದಿ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ತೆಗೆದುಕೊಳ್ಳುತ್ತಿತ್ತು. ಇದು ಬಾಟ್‌ಗಳ, ಅಂದರೆ ತಾನಾಗಿ ಪೋಸ್ಟ್ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ ಕೆಲಸ ಅಂದುಕೊಂಡವರಿಗೆ ಉತ್ತರವೂ ಅದರಲ್ಲಿದೆ: ಬಾಟ್‌ಗಳು ನಿಜವನ್ನೂ ಸುಳ್ಳನ್ನೂ ಹೆಚ್ಚುಕಡಿಮೆ ಒಂದೇ ಸಮ ಹರಡುತ್ತಿದ್ದವು. ಸುಳ್ಳಿಗೆ ವೇಗ ಕೊಟ್ಟವರು ಮನುಷ್ಯರು. ಸುಳ್ಳು ಹೊಸದಾಗಿ ಕಾಣುತ್ತದೆ, ನೋಡಿದವರಿಗೆ ಅಚ್ಚರಿಯೋ ಅಸಹ್ಯವೋ ಆಗುತ್ತದೆ, ಇನ್ನೊಬ್ಬರಿಗೆ ಹೇಳದೆ ಇರಲಾಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ.

ಹೆಜ್ಜೆ 1: ಮೈ ಬಿಸಿಯಾದರೆ ಕೈ ತಡೆಯಿರಿ

ಮೆಸೇಜ್ ನೋಡಿದ ತಕ್ಷಣ ಎದೆ ಧಸಕ್ ಅಂದಿತೇ? ಸಿಟ್ಟು ಬಂತೇ? 'ನೋಡಿದ್ರಾ, ನಾನು ಹೇಳಿರಲಿಲ್ವಾ' ಅನ್ನಿಸಿತೇ? ಈ ಮೂರರಲ್ಲಿ ಯಾವುದೇ ಆದರೂ ಫೋನನ್ನು ಪಕ್ಕಕ್ಕಿಡಿ. ಒಂದು ಲೋಟ ನೀರು ಕುಡಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿ.

ಮೂರನೆಯದು ಅತಿ ಅಪಾಯಕಾರಿ ಅಂತ ನನ್ನ ಅನಿಸಿಕೆ. ನಮಗೆ ಆಗದ ಪಕ್ಷದ ಬಗ್ಗೆ, ಆಗದ ಜಾತಿ ಧರ್ಮದ ಬಗ್ಗೆ ಕೆಟ್ಟ ಸುದ್ದಿ ಬಂದರೆ ಪರೀಕ್ಷಿಸುವ ಮನಸ್ಸೇ ಬರುವುದಿಲ್ಲ. ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ: ನಿಮಗೆ ತುಂಬಾ ಹಿಡಿಸಿದ ಸುದ್ದಿಯನ್ನೇ ಮೊದಲು ಪರೀಕ್ಷಿಸಿ.

ಹೆಜ್ಜೆ 2: ಮೆಸೇಜಿಗೆ ಮೂರು ಪ್ರಶ್ನೆ ಕೇಳಿ

ಎಲ್ಲಿ? ಯಾವತ್ತು? ಹೇಳಿದ್ದು ಯಾರು?

'ನಿನ್ನೆ ನಮ್ಮ ಪಕ್ಕದ ಏರಿಯಾದಲ್ಲಿ' ಎಂದಿದ್ದರೆ ಅದಕ್ಕೆ ಅರ್ಥವಿಲ್ಲ. ಮೆಸೇಜ್ ಯಾವತ್ತು ಯಾರ ಫೋನಿಗೆ ಹೋದರೂ ಅದು 'ನಿನ್ನೆ', 'ಪಕ್ಕದ ಏರಿಯಾ'ವೇ ಆಗಿರುತ್ತದೆ. 'ಪೊಲೀಸ್ ಇಲಾಖೆಯವರು ಹೇಳಿದ್ದಾರೆ' ಎಂದಿದ್ದರೆ ಯಾವ ಠಾಣೆ, ಯಾವ ಅಧಿಕಾರಿ ಎಂದು ನೋಡಿ. 'ಎಲ್ಲರಿಗೂ ಕಳಿಸಿ', 'ಟಿವಿಯವರು ಇದನ್ನು ತೋರಿಸುವುದಿಲ್ಲ' ಎಂಬ ಸಾಲಿದ್ದರೆ ಅನುಮಾನ ಜಾಸ್ತಿ ಮಾಡಿ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದೆಯೇ ನೋಡಿ. ಒಂದು ಬಾಣ ಇದ್ದರೆ ಅದು ಫಾರ್ವರ್ಡ್. ಎರಡು ಇದ್ದರೆ ಕಡೇಪಕ್ಷ ಐದು ಕೈ ದಾಟಿ ಬಂದದ್ದು. ಸುಳ್ಳು ಅಂತಲೇ ಅದರ ಅರ್ಥವಲ್ಲ. ಆದರೆ ಕಳಿಸಿದ ಸೋದರಮಾವನಿಗೆ ಅದರ ಮೂಲ ಗೊತ್ತಿಲ್ಲ ಅನ್ನುವುದು ಖಚಿತ. ನಾವು ನಂಬುತ್ತಿರುವುದು ಸೋದರಮಾವನನ್ನು, ಮೆಸೇಜನ್ನಲ್ಲ. ಇದು ನೆನಪಿರಲಿ.

ಹೆಜ್ಜೆ 3: ಫೋಟೋ ಆಗಿದ್ದರೆ

ಇದು ತುಂಬಾ ಸುಲಭ. ಅರವತ್ತು ದಾಟಿದ ನನ್ನ ಅಮ್ಮ ಅರ್ಧ ಗಂಟೆಯಲ್ಲಿ ಕಲಿತರು.

ಫೋಟೋವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಗೂಗಲ್ ಆ್ಯಪ್ ತೆರೆಯಿರಿ. ಹುಡುಕುವ ಜಾಗದ ಪಕ್ಕದಲ್ಲಿ ಕ್ಯಾಮೆರಾದಂಥ ಒಂದು ಗುರುತು ಇರುತ್ತದೆ, ಅದೇ ಗೂಗಲ್ ಲೆನ್ಸ್. ಅದನ್ನು ಒತ್ತಿ ಉಳಿಸಿದ ಫೋಟೋ ಆರಿಸಿ. ಅದೇ ಫೋಟೋ ಇಂಟರ್ನೆಟ್‌ನಲ್ಲಿ ಬೇರೆಲ್ಲಿ ಇದೆ ಎಂದು ತೋರಿಸುತ್ತದೆ. ಆಮೇಲೆ ನೀವು ನೋಡಬೇಕಾದ್ದು ದಿನಾಂಕ. ಈ ವಾರದ್ದು ಎಂದು ಬಂದ ಫೋಟೋ ಐದು ವರ್ಷ ಹಿಂದಿನ ಸುದ್ದಿಯಲ್ಲಿ ಸಿಕ್ಕರೆ ಕೆಲಸ ಮುಗಿಯಿತು.

ಗೂಗಲ್‌ನಲ್ಲಿ ಸರಿಯಾಗಿ ಸಿಗದಿದ್ದರೆ ಟಿನ್‌ಐ ಎಂಬ ವೆಬ್‌ಸೈಟ್ ಇದೆ. ಅಲ್ಲಿ ಫಲಿತಾಂಶವನ್ನು ಹಳೆಯದು ಮೊದಲು ಬರುವಂತೆ ಜೋಡಿಸಿಕೊಳ್ಳಬಹುದು. ಸುದ್ದಿಯ ಬುಡ ಹುಡುಕಲು ಇದು ಬಹಳ ಉಪಯೋಗ. ಫೋಟೋದ ಮೇಲೆ ಯಾರಾದರೂ ದಪ್ಪಕ್ಷರದಲ್ಲಿ ಬರೆದಿದ್ದರೆ ಆ ಭಾಗ ಕತ್ತರಿಸಿ ಹುಡುಕಿ.

ಹೆಜ್ಜೆ 4: ವಿಡಿಯೊ ಆಗಿದ್ದರೆ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಕಲಿತರೆ ಮಾತ್ರ ಕೈಬಿಡುವುದಿಲ್ಲ.

ಮೊದಲು ವಿಡಿಯೊವನ್ನು ಧ್ವನಿ ಇಲ್ಲದೆ ನೋಡಿ. ಭಯ ಹುಟ್ಟಿಸುವುದು ಎಷ್ಟೋ ಸಲ ಆಮೇಲೆ ಸೇರಿಸಿದ ಧ್ವನಿ ಮತ್ತು ಸಂಗೀತ. ಅದು ಹೋದರೆ ಚಿತ್ರದಲ್ಲಿ ನಿಜವಾಗಿ ಏನಾಗುತ್ತಿದೆ ಅಂತ ಕಾಣುತ್ತದೆ. ಆಮೇಲೆ ಧ್ವನಿ ಹಾಕಿ, ಈ ಸಲ ಚಿತ್ರ ನೋಡದೆ ಕೇಳಿ. ಹಿಂದೆ ಮಾತಾಡುತ್ತಿರುವವರ ಭಾಷೆ ಯಾವುದು? ಮಂಡ್ಯದ್ದು ಎಂದ ವಿಡಿಯೊದಲ್ಲಿ ಜನ ಭೋಜಪುರಿಯಲ್ಲೋ ಬಂಗಾಳಿಯಲ್ಲೋ ಮಾತಾಡುತ್ತಿದ್ದರೆ?

ಇನ್ನೊಮ್ಮೆ ನೋಡುವಾಗ ಜನರನ್ನು ಬಿಟ್ಟು ಅಕ್ಕಪಕ್ಕ ನೋಡಿ. ಅಂಗಡಿ ಬೋರ್ಡು ಯಾವ ಲಿಪಿಯಲ್ಲಿದೆ? ಬಸ್ಸಿನ ಬಣ್ಣ ಏನು? ಗಾಡಿಯ ನಂಬರ್ ಪ್ಲೇಟ್ ಕೆಎ ಎಂದು ಶುರುವಾಗುತ್ತದೆಯೇ? ಪೊಲೀಸರ ಸಮವಸ್ತ್ರ ನಮ್ಮಲ್ಲಿನದೇನಾ? ಬೇಸಿಗೆಯ ಘಟನೆ ಅಂದರೆ ಜನ ಸ್ವೆಟರ್ ಹಾಕಿದ್ದಾರಾ? ಕರಾಚಿಯ ಆ ಬೀದಿಯನ್ನು ನಾನು ಹೀಗೆ ಒಂದು ಸಲ ನೋಡಿದ್ದರೂ ಇದು ನಮ್ಮ ಕಡೆಯ ಬೀದಿಯಲ್ಲ ಅಂತ ಗೊತ್ತಾಗುತ್ತಿತ್ತು. ನಾನು ನೋಡಿದ್ದು ಮಗುವನ್ನು ಮಾತ್ರ.

ಆರಂಭ ಮತ್ತು ಕೊನೆ ನೋಡಿ. ಗಕ್ಕನೆ ಶುರುವಾಗಿ ಗಕ್ಕನೆ ನಿಂತರೆ ಯಾರೋ ಕತ್ತರಿಸಿದ್ದಾರೆ. ಪೂರ್ತಿ ವಿಡಿಯೊ ಹುಡುಕಲು ಎರಡು ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಬೋರ್ಡು, ಕಟ್ಟಡ, ಮುಖ ಸ್ಪಷ್ಟವಾಗಿ ಕಾಣುವ ಕಡೆ ನಿಲ್ಲಿಸಬೇಕು. ಆ ಸ್ಕ್ರೀನ್‌ಶಾಟ್‌ಗಳನ್ನು ಹಿಂದಿನ ಹೆಜ್ಜೆಯಂತೆ ಲೆನ್ಸ್‌ನಲ್ಲಿ ಹುಡುಕಿ. ಕಂಪ್ಯೂಟರ್ ಇರುವವರು ಇನ್‌ವಿಡ್ ಎಂಬ ಉಚಿತ ಸಾಧನವನ್ನು ಕ್ರೋಮ್‌ಗೆ ಸೇರಿಸಿಕೊಳ್ಳಬಹುದು. ಪತ್ರಕರ್ತರು ಬಳಸುವುದು ಇದನ್ನೇ. ವಿಡಿಯೊವನ್ನು ತಾನೇ ಬಿಡಿ ಚಿತ್ರಗಳಾಗಿ ಒಡೆದು ಕೊಡುತ್ತದೆ.

ಇನ್ನು ಎಐ ವಿಡಿಯೊ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಲಿಫ್ಟ್‌ನೊಳಗೆ ಬರುವಂತೆ ಕಾಣುವ ವಿಡಿಯೊ ಹರಡಿತ್ತು. ಅದು ಬೇರೊಬ್ಬ ಮಹಿಳೆಯ ವಿಡಿಯೊ, ಮುಖ ಮಾತ್ರ ಬದಲಾಯಿಸಿದ್ದರು. ಆರಂಭದ ಒಂದು ಕ್ಷಣ ನಿಧಾನವಾಗಿ ನೋಡಿದರೆ ಮೂಲ ಮುಖ ಹೋಗಿ ಹೊಸ ಮುಖ ಬರುವುದು ಕಾಣುತ್ತಿತ್ತು. ದೆಹಲಿ ಪೊಲೀಸರು ಬಂಧಿಸಿದ ಯುವಕ ಇದನ್ನು ಮಾಡಿದ್ದು ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳಲು ಎಂದು ತಿಳಿದುಬಂತು. ಒಬ್ಬ ಹೆಣ್ಣುಮಗಳ ಮಾನಕ್ಕೆ ಕಟ್ಟಿದ ಬೆಲೆ ಇದು.

ಈಗಿನ ಎಐ ಇನ್ನೂ ನಯವಾಗಿದೆ. ಕಣ್ಣು ಮಿಟುಕಿಸುವುದು, ಬೆರಳು ಎಣಿಸುವುದು, ಇಂಥ ಹಳೆಯ ಉಪಾಯಗಳನ್ನೇ ನಂಬಿ ಕೂರಬೇಡಿ. ಅದಕ್ಕಿಂತ ಈ ಪ್ರಶ್ನೆ ಕೇಳಿ: ಇವರು ನಿಜವಾಗಿ ಹೀಗೆ ಹೇಳಿದ್ದರೆ ಬೇರೆ ಯಾರೂ ಯಾಕೆ ವರದಿ ಮಾಡಿಲ್ಲ? ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ಹಣ ಹೂಡುವ ಆ್ಯಪ್ ಒಂದನ್ನು ಹೊಗಳುವಂತೆ ನಕಲಿ ವಿಡಿಯೊಗಳು ಬಂದಾಗ, 2023ರ ಡಿಸೆಂಬರಿನಲ್ಲಿ ಅವರೇ ಇದು ಸುಳ್ಳು ಎಂದು ಎಚ್ಚರಿಸಬೇಕಾಯಿತು. ಅಂಥ ದೊಡ್ಡವರು ಹಣ ದುಪ್ಪಟ್ಟು ಮಾಡುವ ದಾರಿ ಹೇಳಿದ್ದರೆ ಅದು ಯಾವುದೋ ಜಾಹೀರಾತಿನಲ್ಲಿ ಮಾತ್ರ ಇರುತ್ತಿರಲಿಲ್ಲ, ಅಲ್ವಾ? ಇಂಥದ್ದನ್ನು ನಂಬಿ ಹಣ ಕಳೆದುಕೊಂಡಿದ್ದರೆ ನಾಚಿಕೆ ಪಡಬೇಡಿ, ತಡವನ್ನೂ ಮಾಡಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೆಜ್ಜೆ 5: ಬರೀ ಬರಹ ಆಗಿದ್ದರೆ

ಮುಖ್ಯವಾದ ಮೂರು ನಾಲ್ಕು ಪದ ಆರಿಸಿ, ಪಕ್ಕದಲ್ಲಿ 'ಫ್ಯಾಕ್ಟ್ ಚೆಕ್' ಎಂದು ಸೇರಿಸಿ ಹುಡುಕಿ. ಕನ್ನಡದಲ್ಲಿ ಸಿಗದಿದ್ದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲೂ ನೋಡಿ, ಯಾಕೆಂದರೆ ಒಂದೇ ಸುಳ್ಳು ಹಲವು ಭಾಷೆ ಸುತ್ತಿ ಬಂದಿರುತ್ತದೆ. ನ್ಯೂಸ್‌ಚೆಕರ್‌ನವರು ಕನ್ನಡದಲ್ಲೇ ಪರಿಶೀಲನೆ ಪ್ರಕಟಿಸುತ್ತಾರೆ. ಕೇಂದ್ರ ಸರ್ಕಾರದ ಯೋಜನೆ, ನೇಮಕಾತಿ, ರಜೆ ಬಗ್ಗೆ ಬಂದ ಮೆಸೇಜಿಗೆ ಆ ಸರ್ಕಾರದ್ದೇ ವಾರ್ತಾ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್ ಚೆಕ್ ನೋಡಬಹುದು. ಅವರು ನೋಡುವುದು ಸರ್ಕಾರದ ಕಡೆಯಿಂದ. ರಾಜಕೀಯದ ವಿಷಯಕ್ಕೆ ಬೂಮ್, ಆಲ್ಟ್ ನ್ಯೂಸ್‌ನಂಥ ಸ್ವತಂತ್ರ ಸಂಸ್ಥೆಗಳ ಪರಿಶೀಲನೆಯನ್ನೂ ಓದಿ. ಒಬ್ಬರನ್ನೇ ನೆಚ್ಚಬೇಡಿ.

ಟಿವಿಯಲ್ಲಿ ಬಂತು ಅಂದ ಮಾತ್ರಕ್ಕೆ ನಿಜ ಅಂದುಕೊಳ್ಳಬೇಡಿ. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಅನ್ನುವ ಸುದ್ದಿಯನ್ನು ಕೆಲವು ಚಾನೆಲ್‌ಗಳೂ ತೋರಿಸಿದ್ದವು.

ಆರೋಗ್ಯದ ಮೆಸೇಜಿಗೆ ನನ್ನ ಮನೆಯಲ್ಲಿ ಒಂದೇ ಕಟ್ಟುನಿಟ್ಟು: ಡಾಕ್ಟರನ್ನು ಕೇಳದೆ ಮುಂದೆ ಹೋಗಬಾರದು. ಮದ್ಯ ಕುಡಿದರೆ ಕೊರೊನಾ ಹೋಗುತ್ತದೆ ಅನ್ನುವ ಮಾತು ನಂಬಿ 2020ರಲ್ಲಿ ಇರಾನಿನಲ್ಲಿ ನೂರಾರು ಜನ ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಕುಡಿದು ಸತ್ತರು.

ಹೆಜ್ಜೆ 6: ಕಳಿಸಿದವರಿಗೆ ಹೇಳುವುದು ಹೇಗೆ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಮೊದಮೊದಲು ಗ್ರೂಪಿನಲ್ಲೇ, ಎಲ್ಲರ ಎದುರಿಗೆ 'ಇದು ಸುಳ್ಳು' ಎಂದು ಲಿಂಕ್ ಹಾಕುತ್ತಿದ್ದೆ. ದೊಡ್ಡಪ್ಪ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಫಾರ್ವರ್ಡ್ ಮಾತ್ರ ಬಿಡಲಿಲ್ಲ. ತಪ್ಪು ನನ್ನದೇ. ಮನೆಯ ಹಿರಿಯರನ್ನು ಸೊಸೆಯಂದಿರು, ಮೊಮ್ಮಕ್ಕಳ ಮುಂದೆ ಸುಳ್ಳುಗಾರ ಅಂದಂತಾಗಿತ್ತು.

ಈಗ ಹೀಗೆ ಮಾಡುತ್ತೇನೆ. ಮೊದಲು ಅವರೊಬ್ಬರಿಗೇ ಫೋನ್ ಮಾಡುತ್ತೇನೆ, ಇಲ್ಲವೇ ಮೆಸೇಜ್ ಕಳಿಸುತ್ತೇನೆ. ಅವರ ಕಾಳಜಿಯನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಆಮೇಲೆ ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ಒಂದು ಮಾದರಿ:

'ದೊಡ್ಡಪ್ಪ, ನೀವು ಕಳಿಸಿದ ವಿಡಿಯೊ ನೋಡಿ ನನಗೂ ಗಾಬರಿ ಆಯ್ತು. ಎಲ್ಲಿಯದು ಅಂತ ಹುಡುಕಿದೆ. ಅದು ನಮ್ಮ ದೇಶದ್ದೇ ಅಲ್ಲ, ಕರಾಚಿಯದು, ಜಾಗೃತಿಗೆ ಮಾಡಿದ್ದು. ಪೂರ್ತಿ ವಿಡಿಯೊ ಕಳಿಸಿದ್ದೀನಿ, ಕೊನೆವರೆಗೂ ನೋಡಿ. ಗ್ರೂಪಿನಲ್ಲಿ ನೀವೇ ಒಂದು ಮಾತು ಹಾಕಿದರೆ ಎಲ್ಲರೂ ನಂಬ್ತಾರೆ.'

ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ತಿದ್ದುವ ಗೌರವ ಅವರಿಗೇ ಸಿಗುತ್ತದೆ. ನನ್ನ ಮಾತಿಗಿಂತ ಅವರ ಮಾತಿಗೆ ಗ್ರೂಪಿನಲ್ಲಿ ಬೆಲೆಯೂ ಜಾಸ್ತಿ.

ಒಂದು ಎಚ್ಚರಿಕೆ. ಸುಳ್ಳು ಫೋಟೋವನ್ನು ಹಾಗೇ ಹಾಕಿ ಕೆಳಗೆ 'ಇದು ಸುಳ್ಳು' ಎಂದು ಬರೆಯಬೇಡಿ. ಮುಂದೆ ಫಾರ್ವರ್ಡ್ ಆಗುವಾಗ ನಿಮ್ಮ ಬರಹ ಕಳಚಿಕೊಂಡು ಫೋಟೋ ಮಾತ್ರ ಹೋಗುತ್ತದೆ. ತೋರಿಸಲೇಬೇಕಾದರೆ ಫೋಟೋದ ಮೇಲೇ ಅಡ್ಡಲಾಗಿ ದೊಡ್ಡದಾಗಿ 'ಸುಳ್ಳು' ಎಂದು ಬರೆದು ಹಾಕಿ. ಮಾತಿನಲ್ಲಿ ಹೇಳುವಾಗಲೂ ನಿಜವನ್ನು ಮೊದಲು ಹೇಳಿ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ, ಅದು ಸುಳ್ಳಾದರೂ, ನಿಜದಂತೆ ಅನ್ನಿಸತೊಡಗುತ್ತದೆ. ಇದನ್ನು ಮನಶ್ಶಾಸ್ತ್ರಜ್ಞರು 1977ರಷ್ಟು ಹಿಂದೆಯೇ ಪ್ರಯೋಗದಲ್ಲಿ ತೋರಿಸಿದ್ದಾರೆ.

ಹೆಜ್ಜೆ 7: ನೀವೇ ಕಳಿಸಿಬಿಟ್ಟಿದ್ದರೆ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಎರಡು ದಿನದೊಳಗಾಗಿದ್ದರೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಅಳಿಸಿ ಸುಮ್ಮನಾಗಬೇಡಿ. ಯಾವ ಯಾವ ಗ್ರೂಪಿಗೆ ಕಳಿಸಿದ್ದಿರೋ ಅಲ್ಲೆಲ್ಲ ಎರಡು ಸಾಲು ಬರೆಯಿರಿ: 'ಬೆಳಿಗ್ಗೆ ನಾನು ಕಳಿಸಿದ್ದು ತಪ್ಪು. ಪರೀಕ್ಷಿಸದೆ ಕಳಿಸಿದೆ, ಕ್ಷಮಿಸಿ. ಮುಂದೆ ಕಳಿಸಿದ್ದರೆ ನೀವೂ ಅಳಿಸಿ.' 2018ರಲ್ಲಿ ನಾನು ಇದನ್ನು ಮಾಡಲಿಲ್ಲ. ವಿಡಿಯೊ ಸುಳ್ಳು ಅಂತ ಗೊತ್ತಾದ ಮೇಲೂ ಮುಜುಗರಕ್ಕೆ ಸುಮ್ಮನಿದ್ದೆ. ಆ ಪೋಷಕರಲ್ಲಿ ಎಷ್ಟು ಜನ ಅದನ್ನು ಎಲ್ಲೆಲ್ಲಿಗೆ ಕಳಿಸಿದರೋ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಹೆಜ್ಜೆ 8: ನೀವು ಗ್ರೂಪ್ ಅಡ್ಮಿನ್ ಆಗಿದ್ದರೆ

ವಾಟ್ಸ್‌ಆ್ಯಪ್ ಕಂಪನಿಗೆ ನಮ್ಮ ಗ್ರೂಪಿನ ಮೆಸೇಜ್ ಓದಲು ಆಗುವುದಿಲ್ಲ, ಹಾಗೆ ಗೂಢಲಿಪಿ ಮಾಡಿರುತ್ತಾರೆ. ಹಾಗಾಗಿ ಹೊರಗಿನಿಂದ ಯಾರೂ ಬಂದು ತಡೆಯುವುದಿಲ್ಲ. ಒಳಗಿರುವ ನೀವೇ ತಡೆಯಬೇಕು. ಅಡ್ಮಿನ್‌ಗೆ ಬೇರೆಯವರ ಮೆಸೇಜನ್ನು ಎಲ್ಲರಿಗೂ ಅಳಿಸುವ ಅವಕಾಶ ಇದೆ, ಬಳಸಿ. ಊರಿನಲ್ಲಿ ಗಲಾಟೆಯ ಸುದ್ದಿ ಹಬ್ಬಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಒಂದೆರಡು ದಿನ ಬದಲಿಸಿ. ಯಾಕೆ ಬದಲಿಸಿದಿರಿ ಅಂತಲೂ ಗ್ರೂಪಿನಲ್ಲಿ ಹೇಳಿ. ಮುರ್ಕಿ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು.

ಹೆಜ್ಜೆ 9: ಮಾತು ಫೋನಿನಿಂದ ಬೀದಿಗೆ ಬಂದರೆ

ಗುರುತಿಲ್ಲದವರೊಬ್ಬರು ನಿಮ್ಮ ಬೀದಿಯಲ್ಲಿ ಮಕ್ಕಳನ್ನು ಮಾತಾಡಿಸುತ್ತಿದ್ದಾರೆ, ನಿಮಗೆ ಅನುಮಾನ ಬಂದಿದೆ ಅಂದುಕೊಳ್ಳಿ. ಅವರ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ಮಕ್ಕಳನ್ನು ಹತ್ತಿರ ಕರೆದುಕೊಳ್ಳಿ, 'ಯಾರನ್ನು ಹುಡುಕ್ತಿದ್ದೀರಾ' ಎಂದು ಸಮಾಧಾನದಿಂದ ಕೇಳಿ. ಉತ್ತರ ಸರಿ ಅನ್ನಿಸದಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮಗುವಿಗೆ ತೊಂದರೆ ಆಗಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲೂ ರಾತ್ರಿಯೂ ಎತ್ತುತ್ತಾರೆ.

ಜನ ಆಗಲೇ ಸೇರಿ ಯಾರನ್ನೋ ಸುತ್ತುವರಿದಿದ್ದರೆ ಒಂದು ಕ್ಷಣವೂ ಕಾಯಬೇಡಿ. 112ಕ್ಕೆ ಹೇಳಬೇಕಾದ್ದು ಇಷ್ಟೇ: ಊರು ಮತ್ತು ಹತ್ತಿರದ ಗುರುತು, ಸುಮಾರು ಎಷ್ಟು ಜನ ಸೇರಿದ್ದಾರೆ, ಆ ವ್ಯಕ್ತಿ ಎಲ್ಲಿದ್ದಾನೆ, ಹೊಡೆಯುತ್ತಿದ್ದಾರಾ. ಕರೆ ಮುಗಿದ ಮೇಲೆ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರನ್ನು ಕರೆತನ್ನಿ. ಮೇಷ್ಟ್ರಾಗಲಿ, ಪಂಚಾಯಿತಿ ಸದಸ್ಯರಾಗಲಿ, ಆಶಾ ಕಾರ್ಯಕರ್ತೆಯಾಗಲಿ. ಸಾಧ್ಯವಾದರೆ ಆ ವ್ಯಕ್ತಿಯನ್ನು ಯಾವುದಾದರೂ ಅಂಗಡಿಯೊಳಗೋ ಮನೆಯೊಳಗೋ ಕೂರಿಸಿ, ಒಳಗಿನಿಂದ ಚಿಲಕ ಹಾಕಿ, ಪೊಲೀಸರು ಬರುವವರೆಗೆ ಕುಡಿಯಲು ನೀರು ಕೊಡಿ.